ಅರ್ಧ ಸೆಕೆಂಡಿನಲ್ಲಿ ಕೈಬಿಟ್ಟ ಪಂದ್ಯ

ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟನ್ನು ನಂಬುವಂತಿಲ್ಲವಾದರೂ, ಮೊನ್ನೆ ರಾತ್ರಿ ಇನ್ವರ್ಟರ್ ಭರವಸೆಯ ಮೇಲೆ ವ್ಯಾಲೊರಂಟ್ ಎಂಬ ಗುಂಡಿನ ಕಾಳಗದ ವಿಡಿಯೊ ಗೇಮ್ ಆಡಲು ಕುಳಿತ ನಾವು ಐವರು, 12–11ರಲ್ಲಿ ಮುಂದಿದ್ದ ಪಂದ್ಯವನ್ನು ಕಳೆದುಕೊಂಡೆವು. ಈ ಸಲ ತಪ್ಪು ಕರೆಂಟಿನದಲ್ಲ.

ಎದುರಾಳಿಗಳು ಇಟ್ಟ ಸ್ಪೈಕ್, ಅಂದರೆ ಈ ಆಟದ ಬಾಂಬು, 45 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಲು 7 ಸೆಕೆಂಡು ಬೇಕಾದರೂ, 3.5 ಸೆಕೆಂಡು ದಾಟಿದರೆ ಮುಗಿದ ಅರ್ಧ ಕೆಲಸ ಹಾಗೇ ಉಳಿದುಕೊಂಡು, ನಡುವೆ ಬಿಟ್ಟವರು ಮತ್ತೆ ಆ ಅರ್ಧದಿಂದಲೇ ಮುಂದುವರಿಸಬಹುದು. ನಮ್ಮ ಹುಡುಗ ಹೆಜ್ಜೆಯ ಸದ್ದಿಗೆ ಬೆದರಿ ಮೂರನೆಯ ಸೆಕೆಂಡಿಗೇ ಎದ್ದುಬಿಟ್ಟ. ಅವನನ್ನು ಮರೆಮಾಡಬೇಕಿದ್ದ ಹೊಗೆಯನ್ನೆಲ್ಲ ನಾನು ಸುತ್ತಿನ ಆರಂಭದಲ್ಲೇ ಸುರಿದು ಮುಗಿಸಿದ್ದೆ.

ಇದೇ ಬಗೆಯ ಇನ್ನೊಂದು ಆಟವಾದ ಕೌಂಟರ್-ಸ್ಟ್ರೈಕ್ 2ರಲ್ಲಿ ಈ ರಿಯಾಯಿತಿಯೂ ಇಲ್ಲ: ಬಾಂಬು ನಿಷ್ಕ್ರಿಯಗೊಳಿಸುವ ಕಿಟ್ ಇದ್ದರೆ 5 ಸೆಕೆಂಡು, ಇಲ್ಲದಿದ್ದರೆ 10, ಕೈಬಿಟ್ಟರೆ ಮೊದಲಿನಿಂದ. ಈಗ ನಮ್ಮ ತಂಡದಲ್ಲಿ ಕೊನೆಯ ಸ್ಮೋಕ್ ಸ್ಪೈಕಿಗೇ ಮೀಸಲು.