ಲಾಲಾಜಿ ಬೇ ಮತ್ತು ಚಿಕ್ಕಪ್ಪನ ಕೋಲು

ಅಂಡಮಾನಿಗೆ ಹೊರಟಿದ್ದು ಚಿಕ್ಕಪ್ಪನ ಆಸೆಗೆ. ಅವರಿಗೆ ಸೆಲ್ಯುಲರ್ ಜೈಲು ನೋಡಬೇಕಿತ್ತು. ಹಿರಿಯೂರಿನ ತೋಟ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ, ಒಂದು ದಿನ ತಾವಾಗೇ ಕೇಳಿದರು. "ಜೈಲು ತೋರಿಸು, ಮಿಕ್ಕಿದ್ದು ನಿನ್ನಿಷ್ಟ ಕಣಪ್ಪ" ಅಂದರು. ಆ ಮಿಕ್ಕಿದ್ದರಲ್ಲಿ ನಾನು ಸೇರಿಸಿದ್ದು ಲಾಂಗ್ ಐಲ್ಯಾಂಡ್. ಪ್ರವಾಸಿಗರೆಲ್ಲ ಮುಗಿಬೀಳುವ ರಾಧಾನಗರ ಬೀಚಿನ ಜಾತ್ರೆ ನನಗೆ ಬೇಡವಾಗಿತ್ತು.

ಜೈಲಿನಲ್ಲಿ ಚಿಕ್ಕಪ್ಪ ಜಾಸ್ತಿ ಮಾತಾಡಲಿಲ್ಲ. ಕಟ್ಟಡ ಶುರುವಾಗಿದ್ದು 1896, ಮುಗಿದಿದ್ದು 1906 ಅಂತ ಕೇಳಿದಾಗ ಮಾತ್ರ ನಿಂತರು. ನಮ್ಮ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಹಿರಿಯೂರಿನವರಿಗೆ ಈ ಇಸವಿಗಳು ಬಾಯಿಪಾಠ. "ಒಂದೇ ಕಾಲದ್ದು ನೋಡು. ಅಲ್ಲಿ ಗೋಡೆ ಕಟ್ಟಿ ನೀರು ಹಿಡಿದ್ರು. ಇಲ್ಲಿ ಗೋಡೆ ಕಟ್ಟಿ ಮನುಷ್ಯರನ್ನ ಹಿಡಿದ್ರು" ಅಂದರು.

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಅಲ್ಲಿಂದ ಉತ್ತರಕ್ಕೆ ಸರ್ಕಾರಿ ಹಡಗಿನಲ್ಲಿ ಹೆಚ್ಚುಕಡಿಮೆ ಅರ್ಧ ದಿನದ ದಾರಿ. ಚಿಕ್ಕಮ್ಮ ಊರಿಂದ ತಂದಿದ್ದ ಮಂಡಕ್ಕಿ ಒಗ್ಗರಣೆ ಡಬ್ಬಿ ತೆಗೆದರು. ಸಮುದ್ರದ ಗಾಳಿಗೆ ಅದು ಆಗಲೇ ಮೆತ್ತಗಾಗಿತ್ತು. ಹಂಗೇ ತಿಂದೆವು. ಶೇಂಗಾ ಚಟ್ನಿಪುಡಿ ಇದ್ದರೆ ಏನೂ ನಡೆಯುತ್ತದೆ.

ಲಾಂಗ್ ಐಲ್ಯಾಂಡ್ ಸಣ್ಣ ಊರು. ಹಿಂದೆ ಇಲ್ಲೊಂದು ಪ್ಲೈವುಡ್ ಕಾರ್ಖಾನೆ ಇತ್ತು. ಅದು ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಸುಮಾರು ಜನ ಬೇರೆ ದ್ವೀಪಗಳಿಗೆ ಹೋದರಂತೆ. ಕಾರಿನ ಸದ್ದಿಲ್ಲ, ಹಾರನ್ ಇಲ್ಲ. ಆದರೆ 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಎಳೆದ ಇಂಟರ್ನೆಟ್ ಕೇಬಲ್ ಉದ್ಘಾಟನೆಯಾಯಿತಲ್ಲ, ಅದು ಮುಟ್ಟುವ ದ್ವೀಪಗಳಲ್ಲಿ ಇದೂ ಒಂದು! ನಮ್ಮ ಕಡೆ ಎಷ್ಟೋ ಹಟ್ಟಿಗಳಲ್ಲಿ ಇನ್ನೂ ಸಿಗ್ನಲ್ಲಿಗೆ ಮಾಳಿಗೆ ಹತ್ತಬೇಕು.

ನಾವು ನೋಡಲು ಬಂದಿದ್ದ ಬೀಚು, ಲಾಲಾಜಿ ಬೇ, ಇರುವುದು ಊರಿನಿಂದಾಚೆ, ಕಾಡು ದಾಟಿದ ಮೇಲೆ. ನಡೆದೂ ಹೋಗಬಹುದು. ಚಿಕ್ಕಪ್ಪನ ಮಂಡಿ ನೋವು ನೆನೆದು ಡುಂಗಿ ಗೊತ್ತು ಮಾಡಿದೆ. ಅಲ್ಲಿಯವರು ಮೋಟಾರು ಕೂರಿಸಿದ ಸಣ್ಣ ಮರದ ದೋಣಿಗೆ ಡುಂಗಿ ಅಂತಾರೆ. ಬೆಳಿಗ್ಗೆ ಬೇಗ ಹೊರಡಬೇಕು ಅಂತ ದೋಣಿಯವನು ಹಟ ಹಿಡಿದ. ಮಾರನೇ ದಿನ ಅಮಾವಾಸ್ಯೆ, ಬೆಳಿಗ್ಗೆ ನೀರು ತುಂಬಿರುತ್ತದೆ, ದಡದ ತನಕ ಬಿಡಬಹುದು, ಆಮೇಲೆ ಆಗಲ್ಲ ಅಂತ ಅವನ ಲೆಕ್ಕ. ಚಿಕ್ಕಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಅಮಾವಾಸ್ಯೆ ನೋಡಿ ಕೆಲಸ ಮಾಡುವವನು ಸಿಕ್ಕಿದನಲ್ಲ! ಹತ್ತಿ ಮಾರಲು ದಾವಣಗೆರೆಗೆ ಓಡಾಡುವಾಗ ಕಲಿತ ಹಿಂದಿಯಲ್ಲಿ ಅವನ ಜೊತೆ ಮಾತಿಗೆ ಕೂತರು. ಆತ ಬಂಗಾಳಿ ಮನೆಯವನು. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಅದಕ್ಕೇ ಇರಬೇಕು, ಚೆನ್ನಾಗಿ ಅರ್ಥವಾಗುತ್ತಿತ್ತು.

ಒಂದು ಮೂಲೆ ತಿರುಗಿದ ಮೇಲೆ ಬೇ ಕಾಣಿಸಿತು. ಬಾಗಿದ ಬಿಳಿ ಮರಳು, ಅದರ ಬೆನ್ನಿಗೇ ಕಾಡು. ಮರಗಳು ಮರಳಿನ ತನಕ ಬಂದು ನಿಂತಿವೆ. ಕೆಲವು ಬುಡಮೇಲಾಗಿ ನೀರಿನ ಕಡೆಗೆ ಮಲಗಿವೆ. ಅಂಗಡಿಯಿಲ್ಲ, ಕುರ್ಚಿಯಿಲ್ಲ, ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಚಿಕ್ಕಮ್ಮ ಇಳಿದ ತಕ್ಷಣ ಕೇಳಿದ್ದು, "ಇಲ್ಲಿ ದೇವಸ್ಥಾನ ಯಾವುದೂ ಇಲ್ವಾ?"

ಇರಲಿಲ್ಲ. ಅವರು ಮರಳಿನಲ್ಲಿ ಶಂಖ ಹುಡುಕಲು ಹೊರಟರು. ಸಿಕ್ಕಿದ ಶಂಖವೆಲ್ಲ ನಡೆಯಲು ಶುರು ಮಾಡಿತು. ಒಳಗೆ ಏಡಿ! ಸಂನ್ಯಾಸಿ ಏಡಿಗಳು ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುತ್ತವೆ. ಕೊನೆಗೂ ಒಂದು ಖಾಲಿಯದು ಸಿಕ್ಕಿದಾಗ ದೋಣಿಯವನು ಬೇಡ ಅಂದ. ಹವಳ, ಶಂಖ ಒಯ್ದರೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ, ಹವಳಕ್ಕಂತೂ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಚಿಕ್ಕಮ್ಮ ಅದನ್ನು ನೀರಿನ ಅಂಚಿಗೆ ಇಟ್ಟು ಅರಿಶಿನ ಕುಂಕುಮ ಹಚ್ಚಿ ಬಂದರು. ಸಮುದ್ರಕ್ಕೆ ಬಾಗಿನ ಕೊಟ್ಟಂಗಾಯ್ತು ಅಂದರು. ಕಾಲಿಗೆ ಮರಳು ನೊಣ ಕಚ್ಚುತ್ತಿದ್ದವು. ಅದಕ್ಕೂ ಅವರ ಚೀಲದಲ್ಲಿದ್ದ ಕೊಬ್ಬರಿ ಎಣ್ಣೆಯೇ ಮದ್ದಾಯಿತು.

ಅಷ್ಟು ಬಿಳಿ ಮರಳು ಎಲ್ಲಿಂದ ಬರುತ್ತದೆ ಗೊತ್ತಾ? ಗಿಳಿಮೀನು ಅಂತ ಒಂದಿದೆ. ಹವಳದ ಮೇಲಿನ ಪಾಚಿಗಾಗಿ ಹವಳವನ್ನೇ ಕಚ್ಚಿ, ಅರೆದು, ಸುಣ್ಣದ ಪುಡಿಯನ್ನು ಹಿಂದಿನಿಂದ ಬಿಡುತ್ತದೆ. ಇಂಥ ಬೀಚಿನ ಮರಳಿನಲ್ಲಿ ಅದರ ಪಾಲೂ ಇರುತ್ತದೆ. ಇದನ್ನು ನಾನು ಚಿಕ್ಕಮ್ಮನಿಗೆ ಹೇಳಲಿಲ್ಲ. ಅವರು ಅದರ ಮೇಲೇ ಬುತ್ತಿ ಬಿಚ್ಚಿದ್ದರು.

ಚಿಕ್ಕಪ್ಪ ಮಾತ್ರ ನೀರಿನ ಅಂಚು ಬಿಟ್ಟು ಬರಲಿಲ್ಲ. ಬಂದ ಕೂಡಲೇ ಒಂದು ಒಣ ಕೋಲು ಹುಡುಕಿ, ನೀರು ಮುಟ್ಟುವ ಜಾಗದಲ್ಲಿ ನೆಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅದು ಒಣ ಮರಳಿನಲ್ಲಿ ನಿಂತಿತ್ತು. ಮುಂದೆ ಇನ್ನೊಂದು ನೆಟ್ಟರು. ಅದನ್ನೂ ಬಿಟ್ಟು ನೀರು ಹಿಂದೆ ಹೋಯಿತು. ಮಧ್ಯಾಹ್ನ ದಾಟುವಷ್ಟರಲ್ಲಿ ಕೋಲುಗಳ ಸಾಲೇ ಆಗಿತ್ತು. ಬೆಳಿಗ್ಗೆ ನಮ್ಮ ದೋಣಿ ಬಂದ ದಾರಿಯಲ್ಲಿ ಕಲ್ಲು, ಹವಳದ ತುಂಡು ಎದ್ದು ಕಾಣುತ್ತಿದ್ದವು. ದೋಣಿ ದೂರದ ಆಳಕ್ಕೆ ಹೋಗಿ ನಿಂತಿತ್ತು.

"ಎಷ್ಟು ಇಳಿದಿರಬೋದು?" ಕೇಳಿದರು. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಸುಮಾರು ಎರಡು ಮೀಟರ್ ಅಂದ ದೋಣಿಯವನು. ಚಿಕ್ಕಪ್ಪ ಮನಸ್ಸಿನಲ್ಲೇ ಅಡಿಗೆ ತಿರುಗಿಸಿದರು. "ಆರಡಿ ಮೇಲಾಯ್ತಲ್ಲೋ!"

ಆರಡಿ ಅಂದರೆ ನಮ್ಮ ಕಡೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಮಾರಿಕಣಿವೆ ತುಂಬಿದರೆ 130 ಅಡಿ. ಅರ್ಧ ಅಡಿ ಏರಿದರೂ ಪೇಪರಿನಲ್ಲಿ ಬರುತ್ತದೆ. ಟೀ ಅಂಗಡಿಯಲ್ಲಿ ನಮಸ್ಕಾರಕ್ಕಿಂತ ಮೊದಲು "ಎಷ್ಟಡಿ ಐತಂತೆ?" ಕೇಳುತ್ತಾರೆ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ಬೀಳುವುದನ್ನು ನೋಡದೆಯೇ ಒಂದೆರಡು ತಲೆಮಾರು ಹೋಗಿಬಿಟ್ಟವು. ಚಿಕ್ಕಪ್ಪನ ಅಪ್ಪ, ನನ್ನ ಅಜ್ಜ, ಹಾಗೆ ಹೋದವರು. ಇಲ್ಲಿ ಆರಡಿ ನೀರು ಊಟದ ಹೊತ್ತಿಗೆ ಹೋಗುತ್ತದೆ, ರಾತ್ರಿ ಮಲಗುವಷ್ಟರಲ್ಲಿ ವಾಪಸ್ಸು ಬರುತ್ತದೆ. ಯಾರೂ ಬಾಗಿನ ಅರ್ಪಿಸುವುದಿಲ್ಲ, ಯಾವ ಮಂತ್ರಿಯೂ ಬರುವುದಿಲ್ಲ.

"ಬರ್ತೈತೆ ಅಂತ ಗ್ಯಾರಂಟಿನಾ?" ದೋಣಿಯವನನ್ನು ಕೇಳಿದರು. ಅವನು ನಕ್ಕ. ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ತಡವಾಗುತ್ತದೆ ಅಷ್ಟೇ ಅಂದ. ಚಂದ್ರನೂ ಅಷ್ಟೇ ತಡವಾಗಿ ಹುಟ್ಟುತ್ತಾನಲ್ಲ ಅಂತ ಚಿಕ್ಕಪ್ಪ ತಾವೇ ಸೇರಿಸಿದರು. ಭರತ ಇಳಿತದ ಪಾಠವನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ.

ಮೂರೂವರೆ ಹೊತ್ತಿಗೆ ಹೊರಟೆವು. ಮೊಣಕಾಲು ನೀರಿನಲ್ಲಿ ಚಿಕ್ಕಮ್ಮನ ಕೈ ಹಿಡಿದುಕೊಂಡು ದೋಣಿಯ ತನಕ ನಡೆದಿದ್ದೇ ದೊಡ್ಡ ಸಾಹಸ. ತಡ ಮಾಡುವಂತಿರಲಿಲ್ಲ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಅದಕ್ಕೆ ಚಳಿಗಾಲದಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ.

ಊರಿಗೆ ಬಂದ ಮೇಲೆ ದೋಣಿಯವನು ತನ್ನ ಮನೆಗೆ ಟೀಗೆ ಕರೆದ. ಮನೆ ಹಿಂದೆ ಸಿಮೆಂಟ್ ರಿಂಗ್ ಇಳಿಸಿದ ಬಾವಿ. ಅಲ್ಲಿಂದ ಸಮುದ್ರ ಕಾಣುತ್ತಿತ್ತು. ಅವನ ಹೆಂಡತಿ ಬಕೆಟ್ ಇಳಿಸಿದರು, ಎರಡೇ ಎಳೆತಕ್ಕೆ ತುಂಬಿ ಬಂತು. ಚಿಕ್ಕಪ್ಪ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿದರು. ಸಿಹಿ ನೀರು!

ಅವರ ಮುಖ ನೋಡಬೇಕಿತ್ತು. ಸಂತೋಷವಲ್ಲ, ಒಂಥರಾ ಸಿಟ್ಟು. ನಮ್ಮ ತೋಟದಲ್ಲಿ ಎಂಟುನೂರು, ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವರು ಅವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತ ಜಾಗದಲ್ಲಿ ಪಾಯಿಂಟ್ ಹಾಕಿಸಿದವರು. ಬರದ ವರ್ಷಗಳಲ್ಲಿ ಒಣಗಿದ ತೆಂಗಿನ ಮರಗಳನ್ನು ತಾವೇ ನಿಂತು ಕಡಿಸಿದವರು. ಇಲ್ಲಿ ಉಪ್ಪುನೀರಿನ ಪಕ್ಕದಲ್ಲಿ, ಹತ್ತು ಹದಿನೈದು ಅಡಿಗೆ ಕುಡಿಯುವ ನೀರು.

ಕಾರಣ ಸರಳ. ಮಳೆನೀರು ಮಣ್ಣಿನೊಳಗೆ ಇಂಗಿ ಕೆಳಗೆ ಹೋಗುತ್ತದೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸ್ವಲ್ಪ ಸ್ವಲ್ಪ ಸೇದಿದರೆ ಸಿಹಿ. ದೊಡ್ಡ ಮೋಟಾರು ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ನಮಗೆ 600 ಬಂದರೆ ಒಳ್ಳೆ ವರ್ಷ. ಆದರೂ ಬೇಸಿಗೆಯಲ್ಲಿ ಇಲ್ಲೂ ನೀರಿಗೆ ಪರದಾಟವೇ ಅಂದರು ಆ ಹೆಂಗಸು. ಅದನ್ನು ಕೇಳಿದ ಮೇಲೆ ಚಿಕ್ಕಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಇನ್ನೊಂದು ಲೋಟ ನೀರು ಕುಡಿದು, ಟೀ ಬೇಡ ಅಂದರು.

ಈಗ ಊರಿನಲ್ಲಿ ಯಾರು ಸಿಕ್ಕಿದರೂ ಚಿಕ್ಕಪ್ಪ ಮೊದಲು ಹೇಳುವುದು ಆ ಬಾವಿಯನ್ನೇ. ಜೈಲು, ಹಡಗು, ಬಿಳಿ ಮರಳು ಎಲ್ಲ ಆಮೇಲೆ. ಮೊನ್ನೆ ಟೀ ಅಂಗಡಿಯಲ್ಲಿ ಯಾರೂ ನಂಬಲಿಲ್ಲ. ಸಾಕ್ಷಿಗೆ ನನ್ನನ್ನು ಕರೆದರು. ನಿಜ, ನಾನೂ ಕುಡಿದಿದ್ದೀನಿ ಅಂದೆ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಯಜಮಾನರೊಬ್ಬರು ಎಲ್ಲ ಕೇಳಿಸಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

"ಅಲ್ಲಿ ಪಾಯಿಂಟ್ ನೋಡಿದ್ದು ಯಾರಂತೆ? ನಂಬರ್ ಏನಾದ್ರೂ ಈಸ್ಕೊಂಡ್ರಾ?"