'ಇಬ್ಬರೂ ಕೂತು ತೀರ್ಮಾನಿಸುತ್ತೇವೆ' ಎಂಬ ಹೇಳಿಕೆ ಬಿದ್ದುಹೋದ ದಿನ

ದಾಂಪತ್ಯ ತೃಪ್ತಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸದಲ್ಲಿದ್ದಾಗ, ಅಂಕಿಅಂಶಗಳ ಹಂತಕ್ಕೆ ಹೋಗುವ ಮೊದಲು ಮಾಡಲೇಬೇಕಾದ ಪೂರ್ವಪರೀಕ್ಷೆಗಾಗಿ ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಪೂರ್ವಪರೀಕ್ಷೆಯಲ್ಲಿ ಯಾರಿಗೂ ಅಂಕ ಕೊಡುವುದಿಲ್ಲ, ಯಾರ ಸಂಸಾರ ಹೇಗಿದೆ ಎಂದು ತೂಗಿ ನೋಡುವುದೂ ಇಲ್ಲ. ಒಂದೊಂದೇ ಹೇಳಿಕೆಯನ್ನು ಓದಿ ಹೇಳಿ, ಉತ್ತರ ಪಡೆದು, ಆ ಉತ್ತರ ಕೊಡುವಾಗ ನಿಮ್ಮ ಮನಸ್ಸಿಗೆ ಏನು ಬಂತು ಎಂದು ಕೇಳಿ ಬರೆದುಕೊಳ್ಳುವುದಷ್ಟೇ ಅಲ್ಲಿನ ಕೆಲಸ. ಪ್ರಶ್ನೆ ಬರೆದವರು ಅಂದುಕೊಂಡದ್ದನ್ನೇ ಉತ್ತರಿಸಿದವರೂ ಅರ್ಥ ಮಾಡಿಕೊಂಡರೇ ಎಂದು ತಿಳಿಯಲು ಇದಕ್ಕಿಂತ ನೇರವಾದ ದಾರಿಯಿಲ್ಲ. ಸಂಶೋಧನಾ ಪ್ರಬಂಧಗಳಲ್ಲಿ ಈ ಹಂತಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ನಮ್ಮ ಪ್ರಶ್ನಾವಳಿಯ ಸ್ವರೂಪ ನಿರ್ಧಾರವಾದದ್ದು ಮಾತ್ರ ಆ ದಿನವೇ.

ಈ ಬಗೆಯ ಮಾಪಕಗಳು ಹೊಸವಲ್ಲ. ಅಮೆರಿಕದ ಲೂಯಿಸ್ ಟರ್ಮನ್ 1938ರಲ್ಲಿಯೇ 792 ದಂಪತಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದ್ದರು. 1959ರಲ್ಲಿ ಹಾರ್ವೆ ಲಾಕ್ ಮತ್ತು ಕಾರ್ಲ್ ವಾಲೆಸ್ ರೂಪಿಸಿದ 15 ಪ್ರಶ್ನೆಗಳ ಪರೀಕ್ಷೆ ಬಹುಕಾಲ ಎಲ್ಲರಿಗೂ ಮಾದರಿಯಾಗಿತ್ತು. ಅದರಲ್ಲಿ ಗರಿಷ್ಠ 158 ಅಂಕ; 100ಕ್ಕಿಂತ ಕಡಿಮೆ ಬಂದರೆ ದಾಂಪತ್ಯದಲ್ಲಿ ತೊಂದರೆಯಿದೆ ಎಂದು ಎಣಿಕೆ. ಆ ಪರೀಕ್ಷೆಯ ಅಂಕಪಟ್ಟಿಯನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಭಿನ್ನಾಭಿಪ್ರಾಯ ಬಂದಾಗ ಕೊನೆಗೆ ಏನಾಗುತ್ತದೆ ಎಂಬ ಪ್ರಶ್ನೆಗೆ, ಗಂಡ ಬಿಟ್ಟುಕೊಡುತ್ತಾನೆ ಎಂದರೆ ಸೊನ್ನೆ, ಹೆಂಡತಿ ಬಿಟ್ಟುಕೊಡುತ್ತಾಳೆ ಎಂದರೆ 2, ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಿ ಒಪ್ಪಂದಕ್ಕೆ ಬರುತ್ತಾರೆ ಎಂದರೆ 10. ಯಾರೋ ಸುಮ್ಮನೆ ಕೂತು ಹಾಕಿದ ಅಂಕಗಳಲ್ಲ ಇವು. ಆದರೆ ಅವರ ಸ್ಯಾಂಪಲ್ಲಿನಲ್ಲಿದ್ದ 118 ಗಂಡಂದಿರು ಮತ್ತು 118 ಹೆಂಡತಿಯರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳಾದ, ಓದಿದ, ಬಿಳಿಯ ಪ್ರಾಟೆಸ್ಟಂಟರು. ಹೆಂಡತಿ ಸೋತರೆ ಗಂಡ ಸೋತದ್ದಕ್ಕಿಂತ ಎರಡು ಅಂಕ ಹೆಚ್ಚು ಎಂಬುದರಲ್ಲಿ ಆ ಕಾಲದ, ಆ ಜನರ ಸಂಸಾರದ ಕಲ್ಪನೆ ಇದೆ. ಮುಂದೆ 1976ರಲ್ಲಿ ಗ್ರಹಾಂ ಸ್ಪೇನಿಯರ್ ಪೆನ್ಸಿಲ್ವೇನಿಯಾದ 218 ವಿವಾಹಿತರು ಮತ್ತು 94 ವಿಚ್ಛೇದಿತರ ಉತ್ತರಗಳ ಆಧಾರದ ಮೇಲೆ 32 ಪ್ರಶ್ನೆಗಳ ಮಾಪಕವನ್ನು ಕೊಟ್ಟರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಅದೂ ಒಂದು. ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅನೀಷಾ ಶಾ ರೂಪಿಸಿ 1995ರಲ್ಲಿ ಪ್ರಕಟಿಸಿದ ದಾಂಪತ್ಯ ಗುಣಮಟ್ಟದ ಮಾಪಕದಲ್ಲಿ 50 ಹೇಳಿಕೆಗಳೂ 12 ಅಂಶಗಳೂ ಇವೆ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಎಂದು ಬೇರೆ ಬೇರೆ ರೂಪಗಳಿವೆ.

ನಮಗೆ ಬೇಕಾಗಿದ್ದದ್ದು ಅಷ್ಟು ದೊಡ್ಡದಲ್ಲ. ಅಕ್ಷರ ಬಾರದವರಿಗೂ ಓದಿ ಹೇಳಿ, ಅವರ ಮನೆಯಲ್ಲೇ ಕೂತು ಉತ್ತರ ಪಡೆಯಬಹುದಾದ ಚಿಕ್ಕ ಪ್ರಶ್ನಾವಳಿಯೊಂದನ್ನು ಮಾಡಬೇಕಿತ್ತು. ಹಳೆಯ ಮಾಪಕಗಳನ್ನು ಓದಿ, ದಂಪತಿಗಳನ್ನು ಮಾತನಾಡಿಸಿ, ನೂರಕ್ಕೂ ಹೆಚ್ಚು ಹೇಳಿಕೆಗಳನ್ನು ಕೂಡಿಹಾಕಿ, ಅವುಗಳನ್ನು ತಜ್ಞರ ಮುಂದಿಟ್ಟೆವು. 1975ರಲ್ಲಿ ಲಾಶಿ ಎಂಬವರು ಹೇಳಿಕೊಟ್ಟ ಲೆಕ್ಕದಂತೆ, ಒಂದು ಹೇಳಿಕೆ ಅತ್ಯಗತ್ಯ ಎಂದು ಅರ್ಧದಷ್ಟು ತಜ್ಞರು ಹೇಳಿದರೆ ಅದಕ್ಕೆ ಸೊನ್ನೆ, ಎಲ್ಲರೂ ಹೇಳಿದರೆ 1. ಹಾಗೆ ಪೂರ್ತಿ 1 ಪಡೆದು ಮೇಲೆ ನಿಂತ ಹೇಳಿಕೆಗಳಲ್ಲಿ ಇದೂ ಇತ್ತು: 'ಮನೆಯ ಹಣಕಾಸಿನ ವಿಷಯವನ್ನು ನಾವಿಬ್ಬರೂ ಕೂತು ಮಾತನಾಡಿ ತೀರ್ಮಾನಿಸುತ್ತೇವೆ.' ತಜ್ಞರೆಲ್ಲರೂ ಸಂಬಳ ತರುವವರು, ಗಂಡ ಹೆಂಡತಿ ಮಕ್ಕಳಷ್ಟೇ ಇರುವ ಮನೆಯವರು. ಆ ಸಂಗತಿ ಲೆಕ್ಕದಲ್ಲಿ ಕಾಣುವಂಥದ್ದಲ್ಲ.

ಹಳ್ಳಿಯಲ್ಲಿ ನಮ್ಮನ್ನು ಮನೆಮನೆಗೆ ಕರೆದುಕೊಂಡು ಹೋದವರು ಅಲ್ಲಿನ ಆಶಾ ಕಾರ್ಯಕರ್ತೆ. ಮೊದಲ ಮನೆಯ ಹಜಾರದಲ್ಲಿ ಸುಮಾರು ಮೂವತ್ತರ ಹೆಂಗಸೊಬ್ಬರು ಬಾಳೆನಾರು ಹಿಡಿದು ಸೇವಂತಿಗೆ ಕಟ್ಟುತ್ತಾ ಕೂತಿದ್ದರು. ಕೊಬ್ಬರಿಗೆಂದು ಕಾಯಿ ತುಂಬಿದ್ದ ಅಟ್ಟದ ಕೆಳಗೆ ಅವರ ಅತ್ತೆ ಕಾಲು ಚಾಚಿಕೊಂಡಿದ್ದರು. ಓದಿ ಹೇಳಿದ ಹೇಳಿಕೆಗಳಿಗೆಲ್ಲ ಸೊಸೆಯಿಂದ ಬಂದದ್ದು 'ಹೂಂ, ಯಾವಾಗ್ಲೂ' ಎಂಬ ಒಂದೇ ಉತ್ತರ. ಕೆಲವಕ್ಕೆ ಅತ್ತೆಯೇ ಮೊದಲು ಉತ್ತರಿಸಿ, 'ಅಲ್ವೇನೇ?' ಎಂದು ಸೊಸೆಯನ್ನು ಕೇಳಿದರು. ಆಶಾ ಕಾರ್ಯಕರ್ತೆಗೆ ಇದು ಗೊತ್ತಿದ್ದ ಪಾಡು. 'ಅಜ್ಜಿ, ಬಿ.ಪಿ. ಮಾತ್ರೆ ಎಷ್ಟು ಉಳಿದಿದಾವೆ ತೋರ್ಸಿ ಬನ್ನಿ' ಎಂದು ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ನಾನು ಅವೇ ಹೇಳಿಕೆಗಳನ್ನು ಮತ್ತೆ ಮೊದಲಿನಿಂದ ಓದಿದೆ.

ಹಣಕಾಸಿನ ಹೇಳಿಕೆ ಬಂದಾಗ ಅವರು ಹೂವು ಕಟ್ಟುವುದನ್ನು ನಿಲ್ಲಿಸಿದರು. 'ನಾವಿಬ್ರೂ ಕೂತು ಏನ್ ತೀರ್ಮಾನ ಮಾಡೋದು ಮೇಡಂ? ದುಡ್ಡೆಲ್ಲ ನಮ್ ಮಾವನವ್ರ ಕೈಲಿರೋದು. ಕಾಯಿ ಮಾರಿದ್ರೂ ಅವ್ರೇ, ಗೊಬ್ಬರ ತಂದ್ರೂ ಅವ್ರೇ.' ಹಾಗಾದರೆ ಈ ಹೇಳಿಕೆಗೆ 'ಯಾವತ್ತೂ ಇಲ್ಲ' ಎಂದು ಬರೆದುಕೊಳ್ಳಲೇ ಎಂದು ಕೇಳಿದೆ. 'ಬರ್ಕೊಳ್ಳಿ. ಆದ್ರೆ ನಂಗೇನಾದ್ರೂ ಬೇಕು ಅಂದ್ರೆ ಇವ್ರೇ ಹೋಗಿ ಅವ್ರಪ್ಪನ ಹತ್ರ ಕೇಳ್ತಾರೆ. ನನ್ ಹೆಸ್ರು ಎತ್ತಲ್ಲ, ತಮಗೇ ಬೇಕು ಅಂತಾರೆ. ಬೈಸ್ಕೊಳೋದೂ ಅವ್ರೇ.' ಇದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ದೂರಲ್ಲ, ಹೆಮ್ಮೆ.

ನಮ್ಮ ಕರಡಿನ ಪ್ರಕಾರ ಆ ಹೆಂಗಸಿನ ಉತ್ತರಕ್ಕೆ ಅತ್ಯಂತ ಕಡಿಮೆ ಅಂಕ. ಹೆಂಡತಿಗೆ ಬೇಕಾದದ್ದನ್ನು ತನ್ನ ಹೆಸರಿನಲ್ಲಿ ಕೇಳಿ ಬೈಸಿಕೊಳ್ಳುವ ಗಂಡನಿಗೆ ನಮ್ಮ ಪ್ರಶ್ನಾವಳಿಯಲ್ಲಿ ಜಾಗವೇ ಇರಲಿಲ್ಲ. ಸಂಸಾರದ ತೀರ್ಮಾನಗಳನ್ನು ಮಾಡುವವರು ಗಂಡ ಹೆಂಡತಿ ಇಬ್ಬರೇ ಎಂಬ ಊಹೆಯ ಮೇಲೆ ಆ ಹೇಳಿಕೆ ನಿಂತಿತ್ತು. ಊಹೆ ಸುಳ್ಳಾದ ಮನೆಯಲ್ಲಿ ಅದು ಅಳೆಯುವುದು ಕುಟುಂಬದ ರಚನೆಯನ್ನೇ ಹೊರತು ತೃಪ್ತಿಯನ್ನಲ್ಲ. ಪ್ರತಿಯೊಂದು ಪ್ರಶ್ನೆಯಲ್ಲೂ ಅದನ್ನು ಬರೆದವರು ಒಳ್ಳೆಯ ಸಂಸಾರ ಎಂದು ನಂಬಿದ ಚಿತ್ರವೊಂದು ಇರುತ್ತದೆ, ಮತ್ತು ಸಿಂಧುತ್ವದ (ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂಬುದರ) ಪರೀಕ್ಷೆಯ ಬಹುಪಾಲು ಕೆಲಸ ಆ ಚಿತ್ರವನ್ನು ಅಂಕಿಗಳು ಮುಚ್ಚಿಹಾಕುವ ಮೊದಲೇ ಹೊರಗೆಳೆದು ನೋಡುವುದು ಎಂಬುದು ಆ ಹಜಾರದಲ್ಲಿ ನನಗೆ ಖಚಿತವಾಯಿತು. ಆ ಹೇಳಿಕೆ ಅಂದೇ ಬಿದ್ದುಹೋಯಿತು. ಅದರ ಜಾಗಕ್ಕೆ 'ನನಗೆ ಬೇಕಾದದ್ದಕ್ಕಾಗಿ ನನ್ನ ಗಂಡ ಮನೆಯವರ ಮುಂದೆ ನನ್ನ ಪರವಾಗಿ ನಿಲ್ಲುತ್ತಾರೆ' ಎಂಬುದು ಬಂತು. ಗಂಡಸರ ರೂಪದಲ್ಲಿ ಅದೇ ಹೇಳಿಕೆ ಹೆಂಡತಿಯನ್ನು ಕುರಿತು.

ಎರಡನೆಯ ಪೆಟ್ಟು ಜಗಳದ ಹೇಳಿಕೆಗೆ ಬಿತ್ತು. ಜಗಳವಾದ ಮೇಲೆ ಇಬ್ಬರಲ್ಲೊಬ್ಬರು ಮನೆ ಬಿಟ್ಟು ಹೋಗುವುದುಂಟೇ ಎಂಬ ಅರ್ಥದ ಪ್ರಶ್ನೆ ಸ್ಪೇನಿಯರ್ ಅವರ ಮಾಪಕದಲ್ಲಿದೆ. ಅಂಥದ್ದೊಂದನ್ನು ನಾವೂ ಇಟ್ಟುಕೊಂಡಿದ್ದೆವು. ಅಂಗಡಿಯ ಮುಂದೆ ಸಿಕ್ಕ ಗಂಡಸೊಬ್ಬರು ನಕ್ಕರು: 'ಜಗಳ ಆದ್ರೂ ಹೊರಗ್ ಹೋಗ್ತೀನಿ, ಆಗ್ದಿದ್ರೂ ಹೋಗ್ತೀನಿ. ಮನೇಲ್ ಕೂತು ಏನ್ ಮಾಡ್ಲಿ?' ಇನ್ನೊಂದು ಮನೆಯ ಹೆಂಗಸು ಅದೇ ಹೇಳಿಕೆಗೆ 'ಯಾವತ್ತೂ ಇಲ್ಲ' ಎಂದರು. ಪ್ರಶ್ನಾವಳಿಯ ಲೆಕ್ಕದಲ್ಲಿ ಅದು ತೃಪ್ತ ದಾಂಪತ್ಯದ ಗುರುತು. ಯಾಕೆ ಎಂದು ಕೇಳಿದಾಗ ಬಂದ ಉತ್ತರ, 'ಎಲ್ಲಿಗ್ ಹೋಗ್ಲಿ? ಅಪ್ಪ ಅಮ್ಮ ಇಬ್ರೂ ಇಲ್ಲ.' ಹೋಗಲು ತವರು ಇದೆಯೇ ಇಲ್ಲವೇ ಎಂಬುದನ್ನು ಅಳೆದು ಅದಕ್ಕೆ ದಾಂಪತ್ಯ ತೃಪ್ತಿ ಎಂದು ಹೆಸರಿಡುತ್ತಿದ್ದೆವು. ಆ ಮನೆಯಲ್ಲಿ ನಾನು ಹೇಳಿಕೆಗಳ ಹಾಳೆಯನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಬೇರೆ ಮಾತನಾಡಿದೆ. ಹೊರಡುವಾಗ ಮಹಿಳಾ ಸಹಾಯವಾಣಿ 181ರ ಬಗ್ಗೆ ತಿಳಿಸಿದೆ. ಅಂಥ ಮನೆಗಳಲ್ಲಿ ಪ್ರಶ್ನಾವಳಿಯ ಪ್ರತಿಯನ್ನು ಬಿಟ್ಟು ಬರಬಾರದು, ಗಂಡನಿಗೂ ಹೆಂಡತಿಗೂ ಒಂದೇ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದು ಎಂಬ ನಿಯಮವನ್ನು ನಮ್ಮ ಕ್ಷೇತ್ರಕಾರ್ಯದ ಸೂಚನೆಗಳಿಗೆ ಆ ಸಂಜೆಯೇ ಸೇರಿಸಿದೆವು.

ನಕಾರದ ವಾಕ್ಯಗಳೂ ತೊಡಕಾದವು. ಕೇಳಿದ್ದಕ್ಕೆಲ್ಲ ಹೂಂ ಎನ್ನುವವರನ್ನು ಗುರುತಿಸಲು ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆಯುವುದು ಈ ಕ್ಷೇತ್ರದ ಹಳೆಯ ರೂಢಿ. 'ಅವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ' ಎಂಬುದಕ್ಕೆ ಯಾರಾದರೂ 'ಇಲ್ಲ' ಎಂದರೆ, ಕೇಳುವುದಿಲ್ಲ ಎಂದು ಒಪ್ಪಿದರೋ ಹೇಳಿಕೆಯನ್ನೇ ಅಲ್ಲಗಳೆದರೋ ತಿಳಿಯುವುದಿಲ್ಲ. ಮುಂದೆ ಫ್ಯಾಕ್ಟರ್ ಅನಾಲಿಸಿಸ್, ಎಂದರೆ ಯಾವ ಹೇಳಿಕೆಗಳ ಉತ್ತರಗಳು ಒಟ್ಟೊಟ್ಟಿಗೆ ಸಾಗುತ್ತವೆ ಎಂದು ನೋಡುವ ಲೆಕ್ಕ, ಮಾಡಿದಾಗ ನಕಾರದ ಹೇಳಿಕೆಗಳೆಲ್ಲ ವಿಷಯ ಏನೇ ಇದ್ದರೂ ಒಂದೇ ಗುಂಪಾಗಿ ನಿಂತವು. ಇದು ಬೇರೆ ದೇಶಗಳ ಪ್ರಶ್ನಾವಳಿಗಳಲ್ಲೂ ಕಂಡುಬಂದಿರುವ ಸಂಗತಿಯೇ. ಅನುಭವವಿಲ್ಲದವರು ಅದಕ್ಕೊಂದು ಚಂದದ ಹೆಸರು ಕೊಟ್ಟು ದಾಂಪತ್ಯದ ಹೊಸ ಆಯಾಮ ಎಂದು ಪ್ರಬಂಧ ಬರೆದುಬಿಡುವ ಅಪಾಯವಿದೆ.

ಕ್ರೋನ್‌ಬಾಕ್ ಆಲ್ಫಾದ ಬಗ್ಗೆಯೂ ಒಂದು ಮಾತು ಹೇಳಬೇಕು. 1951ರಲ್ಲಿ ಕ್ರೋನ್‌ಬಾಕ್ ಮುಂದಿಟ್ಟ ಈ ಅಂಕಿ 0.7 ದಾಟಿದರೆ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅತ್ತೆ ಎದುರಿಗಿದ್ದಾಗ ಬಂದ 'ಯಾವಾಗ್ಲೂ, ಯಾವಾಗ್ಲೂ' ಎಂಬ ಉತ್ತರಗಳನ್ನು ಮನೆಮನೆಯಿಂದ ಕೂಡಿಸಿ, ಅತ್ತೆ ಇಲ್ಲದ ಮನೆಗಳ ಉತ್ತರಗಳೊಂದಿಗೆ ಬೆರೆಸಿದರೆ ಆಲ್ಫಾ ಸೊಗಸಾಗಿಯೇ ಬರುತ್ತದೆ. ಏಕೆಂದರೆ ಅತ್ತೆ ಎದುರಿಗಿದ್ದವರ ಉತ್ತರಗಳೆಲ್ಲ ಒಟ್ಟಿಗೆ ಒಂದೇ ಕಡೆಗೆ ವಾಲಿರುತ್ತವೆ. ಒಳ್ಳೆಯವರಾಗಿ ಕಾಣಬೇಕೆಂಬ ಈ ಒತ್ತಡವನ್ನೇ ಅಳೆಯಲು 1967ರಲ್ಲಿ ಎಡ್ಮಂಡ್ಸ್ ಪ್ರತ್ಯೇಕ ಮಾಪಕವೊಂದನ್ನು ಮಾಡಿದರು. 1993ರಲ್ಲಿ ಫೋವರ್ಸ್ ಮತ್ತು ಓಲ್ಸನ್ ಪ್ರಕಟಿಸಿದ 15 ಹೇಳಿಕೆಗಳ ಮಾಪಕದಲ್ಲಿ 5 ಹೇಳಿಕೆಗಳು ಇದಕ್ಕೆಂದೇ ಮೀಸಲು. ಅದೇ ಧಾಟಿಯಲ್ಲಿ ನಾವು ಬರೆದ 'ನನ್ನ ಗಂಡನಲ್ಲಿ ಒಂದೇ ಒಂದು ಕೊರತೆಯೂ ಇಲ್ಲ' ಎಂಬುದನ್ನು ಕೇಳಿ ಎಪ್ಪತ್ತರ ಅಜ್ಜಿಯೊಬ್ಬರು, 'ಒಂದೂ ಇಲ್ಲ ಅಂದ್ರೆ ದೇವ್ರ ಮನೇಲಿಟ್ಟು ಆರತಿ ಎತ್ತಬೇಕಾಗುತ್ತೆ ಕಣವ್ವ' ಎಂದರು. ಆ ಹೇಳಿಕೆ ತನ್ನ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅದನ್ನು ಉಳಿಸಿಕೊಂಡೆವು.

ಆ ದಿನ ಆಶಾ ಕಾರ್ಯಕರ್ತೆ ಹಿಂತಿರುಗುವ ದಾರಿಯಲ್ಲಿ ಹೇಳಿದ ಮಾತೊಂದು ಇಡೀ ವೇಳಾಪಟ್ಟಿಯನ್ನೇ ಬದಲಿಸಿತು. ವಿಶ್ವಸನೀಯತೆಯನ್ನು, ಎಂದರೆ ಮತ್ತೆ ಕೇಳಿದರೂ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆಯೇ ಎಂಬುದನ್ನು, ನೋಡಲು ಅದೇ ಜನರಿಗೆ ಎರಡು ವಾರ ಬಿಟ್ಟು ಮತ್ತೆ ಪ್ರಶ್ನಾವಳಿ ಕೊಡುವ ಯೋಜನೆಯಿತ್ತು. 'ಆಷಾಢ ಹತ್ರ ಬಂತಲ್ಲ ಮೇಡಂ, ಹೊಸ್ದಾಗಿ ಮದುವೆ ಆದೋರೆಲ್ಲ ತವರಲ್ಲಿರ್ತಾರೆ' ಎಂದರು. ಮೊದಲ ಸುತ್ತು ಗಂಡನ ಮನೆಯಲ್ಲಿ, ಎರಡನೆಯದು ತವರಿನಲ್ಲಿ ಎಂದಾದರೆ ಬದಲಾದ ಅಂಕ ಮಾಪಕದ ದೋಷವೋ ಮನಸ್ಸಿನ ನಿಜವಾದ ಬದಲಾವಣೆಯೋ ಎಂದು ಬೇರ್ಪಡಿಸುವುದು ಅಸಾಧ್ಯ. ಶ್ರಾವಣ ಕಳೆದು ಭಾದ್ರಪದಕ್ಕೆ ಹೋದರೆ ಗೌರಿಹಬ್ಬದ ಬಾಗಿನ ಬಂದಿರುತ್ತದೆ, ಅಥವಾ ಬಂದಿರುವುದಿಲ್ಲ. ಅದೂ ಉತ್ತರಗಳಲ್ಲಿ ಕಾಣುತ್ತದೆ. ಕೊನೆಗೆ ಎರಡು ಸುತ್ತುಗಳನ್ನೂ ದೀಪಾವಳಿಯ ನಂತರಕ್ಕೆ ತಳ್ಳಿದೆವು.

ಮಾರ್ಗದರ್ಶಕರಿಗೆ ಇದನ್ನೆಲ್ಲ ವರದಿ ಮಾಡಿದಾಗ ಅವರು ಒಪ್ಪಿದರು, ಆದರೆ ಹೊಸ ಹೇಳಿಕೆಯ ಬಗ್ಗೆ ತಕರಾರು ಎತ್ತಿದರು. ಗಂಡ ಪರವಾಗಿ ನಿಲ್ಲುವುದು ತೃಪ್ತಿಯೇ, ಅಥವಾ ತೃಪ್ತಿಗೆ ಕಾರಣವೇ? ಫಿಂಚಮ್ ಮತ್ತು ಬ್ರಾಡ್ಬರಿ 1987ರಲ್ಲಿ ಇದೇ ವಾದವನ್ನು ಮುಂದಿಟ್ಟಿದ್ದರು: ಮಾತುಕತೆ, ಹಣ, ಸಮಯ ಎಲ್ಲವನ್ನೂ ತೃಪ್ತಿಯ ಮಾಪಕದೊಳಗೆ ತುಂಬಿಬಿಟ್ಟರೆ, ಆಮೇಲೆ ಮಾತುಕತೆಗೂ ತೃಪ್ತಿಗೂ ಸಂಬಂಧವಿದೆ ಎಂದು ಕಂಡುಹಿಡಿಯುವುದರಲ್ಲಿ ಹುರುಳಿಲ್ಲ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದಾಗುತ್ತದೆ. ಫಂಕ್ ಮತ್ತು ರೋಗ್ 2007ರಲ್ಲಿ 5,315 ಜನರ ಉತ್ತರಗಳನ್ನು ವಿಶ್ಲೇಷಿಸಿ ಕೊಟ್ಟ ಮಾಪಕಕ್ಕೆ 32 ಮತ್ತು 16 ಹೇಳಿಕೆಗಳ ರೂಪಗಳ ಜೊತೆಗೆ 4 ಹೇಳಿಕೆಗಳ ರೂಪವೂ ಇದೆ; ಹಾಗಿರುವಾಗ ನಮಗೇಕೆ ಇಷ್ಟೊಂದು ಎಂದು ಮಾರ್ಗದರ್ಶಕರು ಕೇಳಿದರು. ಒಟ್ಟಾರೆ ಪ್ರಶ್ನೆ ಮಾತ್ರ ಕೇಳಿದರೆ ಹಳ್ಳಿಯಲ್ಲಿ ಎಲ್ಲರಿಂದಲೂ 'ಚೆನ್ನಾಗಿದೀವಿ' ಎಂಬ ಉತ್ತರವೇ ಬರುತ್ತದೆ ಎಂಬುದು ನನ್ನ ವಾದ.

ಇಬ್ಬರ ಮಾತಿನಲ್ಲೂ ಸತ್ಯವಿದ್ದುದರಿಂದ ಪ್ರಶ್ನಾವಳಿಯನ್ನು ಎರಡು ಭಾಗ ಮಾಡಿದೆವು. ಮೊದಲ ಭಾಗದಲ್ಲಿ ದಾಂಪತ್ಯದ ಬಗ್ಗೆ ಒಟ್ಟಾರೆ ಅಭಿಪ್ರಾಯ ಕೇಳುವ ಕೆಲವೇ ಹೇಳಿಕೆಗಳು. ಎರಡನೆಯದರಲ್ಲಿ ಮನೆಯೊಳಗೆ ದಿನನಿತ್ಯ ನಡೆಯುವ ಸಂಗತಿಗಳು. ಎರಡರ ಅಂಕಗಳನ್ನು ಕೂಡಿಸಿ ಒಂದೇ ಮೊತ್ತ ಮಾಡಬಾರದು ಎಂದು ಕೈಪಿಡಿಯ ಮೊದಲ ಪುಟದಲ್ಲೇ ಬರೆದಿದ್ದೇವೆ. ಕೂಡುಕುಟುಂಬಗಳಲ್ಲೂ ಬರೀ ಗಂಡ ಹೆಂಡತಿ ಇರುವ ಮನೆಗಳಲ್ಲೂ ಎರಡನೆಯ ಭಾಗದ ರಚನೆ ಒಂದೇ ಆಗಿ ನಿಲ್ಲುತ್ತದೆಯೇ ಎಂದು ನೋಡಲು ಬೇರೆ ಸ್ಯಾಂಪಲ್ ಬೇಕು. ಅದಕ್ಕಾಗಿ ಈಗ ತಿಪಟೂರಿನ ಹಳ್ಳಿಗಳ ಜೊತೆಗೆ ಬೆಂಗಳೂರಿನ ಕೆಲವು ಬಡಾವಣೆಗಳಲ್ಲೂ ಉತ್ತರಗಳನ್ನು ಸಂಗ್ರಹಿಸುತ್ತಿದ್ದೇವೆ.