ಎಂಗಡೀನ್ ಕಣಿವೆ: ಕೆಂಪು ರೈಲು, ಗೀಚಿದ ಗೋಡೆಗಳು

ಸ್ವಿಟ್ಜರ್‌ಲೆಂಡ್ ಅಂದರೆ ನಮ್ಮವರಿಗೆ ಇಂಟರ್‌ಲಾಕನ್, ಟಿಟ್ಲಿಸ್, ಯುಂಗ್‌ಫ್ರಾವ್. ಟೂರ್ ಪ್ಯಾಕೇಜಿನಲ್ಲಿ ಬರುವುದೂ ಇವೇ. ತಪ್ಪೇನಿಲ್ಲ. ಆದರೆ ಹಿಮದ ಬೆಟ್ಟ ಎಲ್ಲಿ ನೋಡಿದರೂ ಹೆಚ್ಚುಕಮ್ಮಿ ಒಂದೇ ಥರ ಅನ್ನೋದು ನನ್ನ ಅಭಿಪ್ರಾಯ, ಬೈಯಬೇಡಿ. ನನಗೆ ಊರು ಬೇಕು, ಮನೆ ಬೇಕು, ಜನ ಅಲ್ಲಿ ಹೇಗೆ ಬಾಳಿದರು ಅಂತ ಗೊತ್ತಾಗಬೇಕು. ಜ್ಯೂರಿಕ್‌ನಲ್ಲಿರುವ ತಂಗಿಗೆ ನನ್ನ ಈ ಹುಚ್ಚು ಗೊತ್ತು. "ಅಣ್ಣ, ನೀನು ಎಂಗಡೀನ್‌ಗೆ ಹೋಗು. ಅತ್ತಿಗೆಗೆ ಬೆಟ್ಟ ಸಿಗುತ್ತೆ, ನಿನಗೆ ಗೋಡೆ ಸಿಗುತ್ತೆ" ಅಂದಳು.

ಎಂಗಡೀನ್ ಇರುವುದು ದೇಶದ ಪೂರ್ವ ತುದಿಯಲ್ಲಿ, ಗ್ರೌಬ್ಯುಂಡನ್ ಅನ್ನೋ ಕ್ಯಾಂಟನ್‌ನಲ್ಲಿ (ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ). ಇನ್ ನದಿಯ ಕಣಿವೆ ಅದು, ನದಿ ಮುಂದೆ ಆಸ್ಟ್ರಿಯಾ ಕಡೆಗೆ ಹರಿಯುತ್ತದೆ. ಮೇಲಿನ ಎಂಗಡೀನ್‌ನಲ್ಲಿ ಸೇಂಟ್ ಮೊರಿಟ್ಸ್ ಇದೆ, 1928 ಮತ್ತು 1948ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಕೆರೆ ಚೆನ್ನಾಗಿದೆ, ಮಿಕ್ಕಿದ್ದೆಲ್ಲ ದುಡ್ಡಿದ್ದವರಿಗೆ. ನಾವು ಕೆರೆ ಸುತ್ತ ಒಂದು ನಡಿಗೆ ಹಾಕಿ ಕೆಳಗಿನ ಎಂಗಡೀನ್ ಕಡೆ ಹೊರಟೆವು.

ಅದಕ್ಕೂ ಮೊದಲು ರೈಲಿನ ವಿಷಯ ಹೇಳಲೇಬೇಕು. ಕೂರ್ ಊರಿನಿಂದ ಸೇಂಟ್ ಮೊರಿಟ್ಸ್‌ಗೆ ರೇಷಿಯನ್ ರೈಲ್ವೆಯ ಕೆಂಪು ರೈಲು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಮೀಟರ್ ಗೇಜ್ ಹಳಿ, ನಮ್ಮಲ್ಲಿ ಈಗ ಹೆಚ್ಚುಕಮ್ಮಿ ಮರೆತೇ ಹೋಗಿರುವಂಥದ್ದು. ಟೂಸಿಸ್ ದಾಟಿದ ಮೇಲಿನ ಆಲ್ಬುಲಾ ಮಾರ್ಗ 1903-04ರಲ್ಲಿ ಶುರುವಾದದ್ದು, 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಲಾಂಡ್‌ವಾಸರ್ ಸೇತುವೆಯನ್ನು ನೀವು ಯಾವುದಾದರೂ ಕ್ಯಾಲೆಂಡರ್‌ನಲ್ಲಿ ಖಂಡಿತ ನೋಡಿರುತ್ತೀರಿ. ಆರು ಕಮಾನು, 65 ಮೀಟರ್ ಎತ್ತರ, ಸೇತುವೆ ಬಾಗಿಕೊಂಡೇ ಹೋಗಿ ನೇರ ಬಂಡೆಯ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಅಲ್ಲೇ ಸುರಂಗದ ಬಾಯಿ! ಕೂರ್‌ನಿಂದ ಬರುವಾಗ ಬಲಗಡೆ ಕೂತುಕೊಳ್ಳಿ. ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಬೆರ್ಗುನ್‌ನಿಂದ ಪ್ರೇಡಾ ತನಕದ ದಾರಿ. ನಾನೂರು ಮೀಟರಿಗೂ ಜಾಸ್ತಿ ಏರಬೇಕು, ಆದರೆ ಚಕ್ರ ಕಚ್ಚಿಕೊಂಡು ಏರಲು ಹಲ್ಲಿನ ಹಳಿ ಇಲ್ಲ. ಹಾಗಾಗಿ ರೈಲು ಬೆಟ್ಟದ ಹೊಟ್ಟೆಯೊಳಗೇ ಸುತ್ತು ಹೊಡೆದು ಹೊಡೆದು ಮೇಲೇರುತ್ತದೆ. ಬೆರ್ಗುನ್ ಊರು ಒಮ್ಮೆ ಎಡಗಡೆ ಕಾಣುತ್ತದೆ, ಒಮ್ಮೆ ಬಲಗಡೆ, ಪ್ರತಿ ಸಲವೂ ಇನ್ನಷ್ಟು ಕೆಳಗೆ. 2022ರಲ್ಲಿ ಇದೇ ಹಳಿಯ ಮೇಲೆ ನೂರು ಬೋಗಿಗಳ, ಹತ್ತಿರ ಎರಡು ಕಿಲೋಮೀಟರ್ ಉದ್ದದ ರೈಲು ಓಡಿಸಿ ವಿಶ್ವ ದಾಖಲೆ ಮಾಡಿದ್ದರು.

ಒಂದು ಸಲಹೆ. ಗಾಜಿನ ಚಾವಣಿಯ ಪನೋರಮಾ ರೈಲಿಗೆ ರಿಸರ್ವೇಶನ್ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಅದೇ ಹಳಿಯ ಮೇಲೆ ಮಾಮೂಲಿ ರೈಲೂ ಓಡುತ್ತದೆ, ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಹತ್ತಿ ಕೂತರಾಯಿತು.

ಇನ್ನೊಂದು ಮಾತು, 1900ರಿಂದ 1925ರ ತನಕ ಇಡೀ ಕ್ಯಾಂಟನ್‌ನಲ್ಲಿ ಕಾರು ಓಡಿಸುವುದೇ ನಿಷೇಧವಾಗಿತ್ತು. ಜನ ಮತ್ತೆ ಮತ್ತೆ ಓಟು ಹಾಕಿ ಕಾರು ಬೇಡ ಅಂದಿದ್ದರು. ಬೆಂಗಳೂರಿನಿಂದ ಹೋದವನಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುವುದಿಲ್ವಾ?

ಈಗ ಗೋಡೆಗಳಿಗೆ ಬರುತ್ತೇನೆ. ಗುವಾರ್ಡಾ ಅನ್ನೋ ಹಳ್ಳಿ ರೈಲು ನಿಲ್ದಾಣದಿಂದ ತುಂಬಾ ಮೇಲೆ, ಸುಮಾರು 1,650 ಮೀಟರ್ ಎತ್ತರದಲ್ಲಿ ಕೂತಿದೆ. ಹಳದಿ ಪೋಸ್ಟ್ ಬಸ್ ಹತ್ತಿಸಿಕೊಂಡು ಹೋಗುತ್ತದೆ. 1622ರಲ್ಲಿ ಆಸ್ಟ್ರಿಯಾದ ಸೈನಿಕರು ಇಲ್ಲಿಗೆ ಬೆಂಕಿ ಇಟ್ಟಿದ್ದರು. ಇವತ್ತು ನಾವು ನೋಡುವ ಊರು ಅದರ ನಂತರ ಕಟ್ಟಿಕೊಂಡದ್ದು. ಕಲ್ಲಿನ ದಪ್ಪ ಗೋಡೆ, ಚಿಕ್ಕ ಚಿಕ್ಕ ಕಿಟಕಿ. ಕಿಟಕಿಯ ಸುತ್ತ ಗೋಡೆಯನ್ನು ಒಳಕ್ಕೆ ಇಳಿಜಾರಾಗಿ ಕೊರೆದಿರುತ್ತಾರೆ, ಬೆಳಕು ಬರಲಿ, ಚಳಿ ಮಾತ್ರ ಬೇಡ ಅಂತ. ಮುಂಬಾಗಿಲು ದೊಡ್ಡ ಕಮಾನು. ಅದು ಜನರಿಗಷ್ಟೇ ಅಲ್ಲ, ಹುಲ್ಲಿನ ಗಾಡಿಗೂ ದಾರಿ. ಗಾಡಿ ಮನೆಯ ಪಡಸಾಲೆಯನ್ನೇ ದಾಟಿ ಹಿಂದಿನ ಹುಲ್ಲಿನ ಕೊಟ್ಟಿಗೆಗೆ ಹೋಗುತ್ತಿತ್ತು. ಮನೆ, ಕೊಟ್ಟಿಗೆ, ದನ, ಎಲ್ಲ ಒಂದೇ ಸೂರಿನ ಕೆಳಗೆ.

ಗೋಡೆಯ ಮೇಲಿನ ಚಿತ್ತಾರಕ್ಕೆ ಸ್ಗ್ರಾಫಿತೊ ಅನ್ನುತ್ತಾರೆ, ಇಟಲಿಯ ಕಡೆಯಿಂದ ಬಂದ ಕಲೆ. ದೂರದಿಂದ ನೋಡಿದರೆ ಬಣ್ಣ ಬಳಿದಂತೆ ಕಾಣುತ್ತದೆ. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದೆ, ಬಣ್ಣ ಅಲ್ಲವೇ ಅಲ್ಲ. ಮೊದಲು ಬೂದು ಗಾರೆ ಹಾಕಿ, ಅದರ ಮೇಲೆ ತೆಳ್ಳಗೆ ಬಿಳಿ ಸುಣ್ಣ ಹೊಡೆದು, ಅದು ಹಸಿ ಇರುವಾಗಲೇ ಮೊನೆಯಿಂದ ಗೀಚಿ ತೆಗೆಯುತ್ತಾರೆ. ಒಳಗಿನ ಬೂದು ಬಣ್ಣ ಗೆರೆಯಾಗಿ ಹೊರಗೆ ಬರುತ್ತದೆ. ಒಂದು ಮನೆಯ ಮೂಲೆಯಲ್ಲಿ ಹೂವಿನ ಬಳ್ಳಿ ಕೆಳಗಿಂದ ಮೇಲಿನ ತನಕ ಹತ್ತಿತ್ತು, ಎಲೆಗಳು ಒಂದರ ಹಾಗೆ ಇನ್ನೊಂದಿಲ್ಲ. ಒಂದು ಕಡೆ ಗೆರೆ ಸ್ವಲ್ಪ ದಾರಿ ತಪ್ಪಿ, ಮತ್ತೆ ಸರಿಯಾಗಿತ್ತು. ಸುಣ್ಣ ಒಣಗುವುದರೊಳಗೆ ಮುಗಿಸಬೇಕಲ್ಲ, ಕೈ ಎಷ್ಟು ಚುರುಕಿರಬೇಕು ನೋಡಿ. ಮನೆ ಕಟ್ಟಿದ ವರ್ಷ, ಯಜಮಾನನ ಹೆಸರಿನ ಅಕ್ಷರ, ದೇವರ ಸ್ತುತಿಯ ಎರಡು ಸಾಲು, ಎಲ್ಲವೂ ಗೋಡೆಯ ಮೇಲೇ. ಆ ಸಾಲುಗಳು ರೊಮಾನ್ಶ್ ಭಾಷೆಯವು. 1938ರಲ್ಲಿ ದೇಶದ ಜನ ಓಟು ಹಾಕಿ ಅದನ್ನು ನಾಲ್ಕನೇ ರಾಷ್ಟ್ರಭಾಷೆ ಮಾಡಿದರು. ಇದೇ ಕಣಿವೆಯ ಆರ್ಡೆಟ್ಸ್ ಊರಲ್ಲಿ ಒಂದು ಮನೆಯ ಮುಂಭಾಗದ ತುಂಬ ಆಡಮ್ ಮತ್ತು ಈವ್ ಚಿತ್ರ ಇದೆ, ಅಲ್ಲಿ ಮಾತ್ರ ಬಣ್ಣದ್ದು. ಇಳಿದು ನೋಡಿ.

ಶ್ಕುವೋಲ್ ಊರಲ್ಲಿ ತಂಗಿದ್ದೆವು. ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಖನಿಜ ನೀರಿನ ಬುಗ್ಗೆಗಳಿವೆ. ಬೀದಿಯ ಕಲ್ಲುತೊಟ್ಟಿಯಲ್ಲಿ ಒಂದು ನಳಿಗೆಯಲ್ಲಿ ಮಾಮೂಲಿ ನೀರು, ಪಕ್ಕದ್ದರಲ್ಲಿ ಬುಗ್ಗೆಯ ನೀರು. ಯಾವುದು ಯಾವುದು ಅಂತ ಕೇಳಬೇಕಾಗಿಲ್ಲ, ಬುಗ್ಗೆ ನೀರು ಬೀಳುವ ಕಡೆ ಕಲ್ಲು ತುಕ್ಕು ಹಿಡಿದ ಹಾಗೆ ಕೆಂಪಗಾಗಿದೆ. ಕುಡಿದರೆ ಸಣ್ಣಗೆ ಸೋಡಾ, ಆಮೇಲೆ ಬಾಯಿ ತುಂಬ ಕಬ್ಬಿಣ. ನನ್ನವಳು ಒಂದು ಗುಟುಕು ಕುಡಿದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

ಎದುರಿನ ಗುಡ್ಡದ ಮೇಲೆ ತರಾಸ್ಪ್ ಕೋಟೆ. ಸುತ್ತಲಿನದೆಲ್ಲ ಬೇರೆಯವರ ಕೈಯಲ್ಲಿದ್ದರೂ ಈ ತುಂಡು ಮಾತ್ರ 1803ರ ತನಕ ಆಸ್ಟ್ರಿಯಾದ್ದೇ ಆಗಿತ್ತು. 1900ರಲ್ಲಿ ಕೋಟೆಯನ್ನು ಕೊಂಡವನು ಜರ್ಮನಿಯ ಡ್ರೆಸ್ಡನ್‌ನ ಲಿಂಗ್ನರ್, ಓಡೋಲ್ ಮೌತ್‌ವಾಶ್ ಮಾರಿ ಶ್ರೀಮಂತನಾದವನು. ಪಾಳುಬಿದ್ದಿದ್ದನ್ನು ವರ್ಷಗಟ್ಟಲೆ ರಿಪೇರಿ ಮಾಡಿಸಿದ, ಆದರೆ ಅಲ್ಲಿ ವಾಸ ಮಾಡುವ ಮೊದಲೇ 1916ರಲ್ಲಿ ತೀರಿಕೊಂಡ. 2016ರಲ್ಲಿ ಇದೇ ಕಣಿವೆಯ ಕಲಾವಿದ ನಾಟ್ ವಿಟಾಲ್ ಕೊಂಡುಕೊಂಡರು.

ಊಟದ ವಿಷಯ. ಸಸ್ಯಾಹಾರಿಗಳಿಗೆ ಪರದಾಟ ಇದೆ, ಆದರೆ ಉಪವಾಸ ಇಲ್ಲ. ಕಾಪುನ್ಸ್ ಅಂತ ಒಂದಿದೆ, ಹಿಟ್ಟನ್ನು ಸೊಪ್ಪಿನ ಎಲೆಯಲ್ಲಿ ಸುತ್ತಿ ಬೇಯಿಸುವುದು, ನೋಡಿದ ತಕ್ಷಣ ನಮ್ಮ ಪತ್ರೊಡೆ ನೆನಪಾಗುತ್ತದೆ. ಆದರೆ ಒಳಗೆ ಸಾಮಾನ್ಯವಾಗಿ ಒಣಮಾಂಸದ ಚೂರು ಇರುತ್ತದೆ, ಕೇಳಿಯೇ ತಗೊಳ್ಳಿ. ಮಾಲುನ್ಸ್ ಸೇಫ್: ಬೇಯಿಸಿದ ಆಲೂಗಡ್ಡೆ ತುರಿದು, ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ಉದುರುದುರಾಗಿ ಹುರಿದು, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಇನ್ನು ಇಲ್ಲಿನ ಅಕ್ರೋಟಿನ ಸಿಹಿ ಟಾರ್ಟ್ ಎಲ್ಲ ಬೇಕರಿಯಲ್ಲೂ ಸಿಗುತ್ತದೆ. ತಮಾಷೆ ಅಂದರೆ ಈ ಎತ್ತರದಲ್ಲಿ ಅಕ್ರೋಟು ಬೆಳೆಯುವುದೇ ಇಲ್ಲ. ಇಲ್ಲಿನವರು ಬಡತನಕ್ಕೆ ವೆನಿಸ್ ತನಕ ಹೋಗಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದರು, 1766ರಲ್ಲಿ ಅಲ್ಲಿಂದ ಓಡಿಸಿದರು, ಮತ್ತೆ ಬೇರೆ ಬೇರೆ ದೇಶಗಳಿಗೆ ಹರಡಿಕೊಂಡರು. ಟಾರ್ಟಿನ ಹಿಂದೆ ಆ ಕೈಗುಣ ಇದೆ.

ಕೊನೆಗೆ ಮ್ಯುಸ್ಟೈರ್. ಅದು ಎಂಗಡೀನ್‌ನಲ್ಲಿಲ್ಲ, ಪಕ್ಕದ ಕಣಿವೆಯಲ್ಲಿದೆ, ಆದರೆ ಇಷ್ಟು ದೂರ ಬಂದು ಬಿಟ್ಟು ಹೋದರೆ ಅನ್ಯಾಯ. ಎಂಗಡೀನ್‌ನ ತ್ಸೆರ್ನೆಟ್ಸ್ ಊರಿನಿಂದ ಪೋಸ್ಟ್ ಬಸ್ಸು 1914ರಲ್ಲಿ ಶುರುವಾದ ನ್ಯಾಷನಲ್ ಪಾರ್ಕ್ ನಡುವೆ ಹಾದು ಹೋಗುತ್ತದೆ, ಇಡೀ ದೇಶಕ್ಕೆ ಇರುವ ಒಂದೇ ನ್ಯಾಷನಲ್ ಪಾರ್ಕ್ ಅದು. ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ, ನಾಯಿಗೂ ಪ್ರವೇಶ ಇಲ್ಲ. ಮ್ಯುಸ್ಟೈರ್‌ನ ಸೇಂಟ್ ಜಾನ್ ಮಠ ಶುರುವಾದದ್ದು ಸುಮಾರು 775ರಲ್ಲಿ, ಶಾರ್ಲಮೇನ್ ದೊರೆ ಕಟ್ಟಿಸಿದ್ದು ಅಂತ ಐತಿಹ್ಯ. ಚರ್ಚಿನ ಗೋಡೆಗಳ ತುಂಬ ಸುಮಾರು 800ರ ಕಾಲದ ಚಿತ್ರಗಳು. ಶತಮಾನಗಳ ಕಾಲ ಬಳಿದ ಸುಣ್ಣದ ಅಡಿ ಮುಚ್ಚಿಹೋಗಿದ್ದನ್ನು ಇಪ್ಪತ್ತನೇ ಶತಮಾನದಲ್ಲಿ ಬಿಡಿಸಿ ತೆಗೆದರು. ಬಣ್ಣ ಮಾಸಿದೆ, ಕೆಲವು ಕಡೆ ಮುಖಗಳೇ ಇಲ್ಲ, ಆದರೂ ಕತ್ತೆತ್ತಿ ನೋಡುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಸನ್ಯಾಸಿನಿಯರು ಈಗಲೂ ಅಲ್ಲೇ ಇದ್ದಾರೆ, ಹಾಗಾಗಿ ಜೋರಾಗಿ ಮಾತಾಡುವ ನಮ್ಮ ಅಭ್ಯಾಸವನ್ನು ಸ್ವಲ್ಪ ಹೊತ್ತು ಹೊರಗಿಡಿ.

ಅಲ್ಲಿಂದ ಬಂದ ದಾರಿಯಲ್ಲೇ ವಾಪಸ್ ಬರಬೇಕಾಗಿಲ್ಲ. ಬಸ್ಸು ಗಡಿ ದಾಟಿ ಇಟಲಿಯ ಮಾಲ್ಸ್ ತನಕ ಹೋಗುತ್ತದೆ, ಶೆಂಗನ್ ವೀಸಾ ಎರಡೂ ಕಡೆ ನಡೆಯುತ್ತದೆ. ನಾವು ಹಾಗೇ ಮಾಡಿದೆವು, ಮಾಲ್ಸ್‌ನಲ್ಲಿ ಇಳಿದ ತಕ್ಷಣ ಕಾಫಿ ಬೆಲೆ ನೋಡಿ ಇಬ್ಬರೂ ಎರಡೆರಡು ಕಪ್ ಕುಡಿದೆವು.